ಬೆಳಕೂ ಒಂದು ಔಷಧ

(ಸಂಸ್ಥೆಯ ವಾರ್ಷಿಕ ಸಮಾರಂಭದ ವಿದ್ಯಾರ್ಥಿ ಗೋಷ್ಠಿಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ನಾನು ವೈದ್ಯೆಯಲ್ಲ, ವಿಜ್ಞಾನ ಶಿಕ್ಷಕಿಯೂ ಅಲ್ಲ. ಉರ್ದು ಮತ್ತು ಕನ್ನಡ ಪಾಠ ಹೇಳುವವಳು. ಚರ್ಮರೋಗಗಳಿಗೆ ಬೆಳಕಿನ ಚಿಕಿತ್ಸೆ ಎಂಬ ವಿಷಯವನ್ನು ಭಾಷಾ ಶಿಕ್ಷಕಿಯೊಬ್ಬಳು ಯಾಕೆ ಆರಿಸಿಕೊಂಡಳು ಎಂದು ನಿಮಗೆ ಅನಿಸಬಹುದು. ಅದಕ್ಕೆ ಕಾರಣಳಾದವಳು ನನ್ನ ತರಗತಿಯ ಒಬ್ಬ ಹುಡುಗಿ. ಅವಳ ಮತ್ತು ಅವಳ ತಾಯಿಯ ಒಪ್ಪಿಗೆ ಪಡೆದು, ಹೆಸರು ಹೇಳದೆ, ಆ ವಿಷಯವನ್ನು ನಿಮ್ಮ ಮುಂದಿಡುತ್ತಿದ್ದೇನೆ.

ಕೆಲವು ವರ್ಷಗಳ ಹಿಂದಿನ ಮಾತು. ಎಂಟನೇ ತರಗತಿಯಲ್ಲಿ ಚೆನ್ನಾಗಿ ಓದುತ್ತಿದ್ದ ಆ ಹುಡುಗಿ ಇದ್ದಕ್ಕಿದ್ದಂತೆ ಹಿಂದಿನ ಬೆಂಚಿಗೆ ಹೋಗಿ ಕುಳಿತಳು. ಓಢಣಿಯಿಂದ ಬಾಯಿ, ಗಲ್ಲ ಮುಚ್ಚಿಕೊಳ್ಳತೊಡಗಿದಳು. ಪದ್ಯ ಓದು ಎಂದರೆ ಏಳುತ್ತಿರಲಿಲ್ಲ. ಆಮೇಲೆ ಹದಿನೈದು ದಿನ ಶಾಲೆಗೇ ಬರಲಿಲ್ಲ. ಮನೆಗೆ ಹೋಗಿ ನೋಡಿದೆ. ಗಲ್ಲದ ಮೇಲೆ, ಬೆರಳುಗಳ ಮೇಲೆ ಹಾಲಿನಂತೆ ಬೆಳ್ಳಗಿನ ಮಚ್ಚೆಗಳು. ಆ ಮಚ್ಚೆಗಳ ಸುತ್ತ ಸುಟ್ಟ ಗಾಯ, ನೀರು ತುಂಬಿದ ಬೊಬ್ಬೆಗಳು. ತಾಯಿ ಅಳುತ್ತಾ ಹೇಳಿದರು: "ಆಪಾ, ಸಂತೆಯಲ್ಲಿ ಒಬ್ಬ ಎಣ್ಣೆ ಕೊಟ್ಟ. ಹಚ್ಚಿ ಮಧ್ಯಾಹ್ನದ ಬಿಸಿಲಲ್ಲಿ ಒಂದು ತಾಸು ಕೂರಿಸಿ, ನಲವತ್ತು ದಿನದಲ್ಲಿ ಹೋಗುತ್ತೆ ಅಂದ. ಮೂರನೇ ದಿನಕ್ಕೆ ಹೀಗಾಯ್ತು. ಯಾರಿಗೂ ಹೇಳಬೇಡಿ ಆಪಾ, ನಾಳೆ ಇವಳ ನಿಕಾಹ್ ಹೇಗೆ?"

ಮಗಳ ಮೈ ಸುಟ್ಟಿದೆ, ತಾಯಿಗೆ ಮದುವೆಯ ಚಿಂತೆ. ಆ ತಾಯಿಯನ್ನು ನಾನು ದೂರುವುದಿಲ್ಲ. ಹಾಗೆ ಚಿಂತಿಸುವಂತೆ ಮಾಡಿದವರು ನಾವು, ಅಂದರೆ ಸಮಾಜ. ಆದರೆ ಆ ಎಣ್ಣೆ ಏನು, ಬಿಸಿಲಿಗೂ ಅದಕ್ಕೂ ಏನು ಸಂಬಂಧ, ಸುಟ್ಟದ್ದು ಯಾಕೆ ಎಂದು ತಿಳಿಯಲು ಹೊರಟಾಗ ಒಂದು ದೊಡ್ಡ ಕಥೆಯೇ ಸಿಕ್ಕಿತು. ಅದನ್ನೇ ಇಂದು ಹೇಳುತ್ತೇನೆ.

ಆ ಎಣ್ಣೆ ಬಾವಂಚಿ ಬೀಜದ್ದು. ಉರ್ದುವಿನಲ್ಲಿ ಬಾಬ್ಚಿ, ಸಂಸ್ಕೃತದಲ್ಲಿ ಬಾಕುಚಿ. ಆಯುರ್ವೇದದ ವೈದ್ಯರೂ ಯುನಾನಿ ಹಕೀಮರೂ ಬಿಳಿ ಮಚ್ಚೆಗೆ ಇದನ್ನು ಬಹುಕಾಲದಿಂದ ಬಳಸುತ್ತ ಬಂದಿದ್ದಾರೆ. ಹಾಗೆಯೇ ಈಜಿಪ್ಟ್ ಮತ್ತು ಉತ್ತರ ಆಫ್ರಿಕಾದಲ್ಲಿ ಆತ್ರಿಲಾಲ್ ಎಂಬ ಇನ್ನೊಂದು ಗಿಡದ ಬೀಜ ಬಳಕೆಯಲ್ಲಿತ್ತು. ಸ್ಪೇನಿನ ಮಲಗಾದಲ್ಲಿ ಹುಟ್ಟಿ 1248ರಲ್ಲಿ ದಮಾಸ್ಕಸ್‌ನಲ್ಲಿ ತೀರಿಕೊಂಡ ಇಬ್ನುಲ್ ಬೈತಾರ್ ಎಂಬ ಮಹಾ ಸಸ್ಯವಿಜ್ಞಾನಿ ಸುಮಾರು 1400 ಔಷಧ ಮತ್ತು ಆಹಾರ ಪದಾರ್ಥಗಳನ್ನು ಅಕ್ಷರಾನುಕ್ರಮದಲ್ಲಿ ವಿವರಿಸಿದ ಗ್ರಂಥ ಬರೆದರು. ಆತ್ರಿಲಾಲ್ ಬೀಜ ಸೇವಿಸಿ ಮಚ್ಚೆಯನ್ನು ಬಿಸಿಲಿಗೆ ಒಡ್ಡುವ ಚಿಕಿತ್ಸೆಯ ಉಲ್ಲೇಖ ಅದರಲ್ಲಿದೆ. ಎರಡು ಬೇರೆ ನಾಡು, ಎರಡು ಬೇರೆ ಗಿಡ, ಆದರೆ ಉಪಾಯ ಒಂದೇ: ಬೀಜ ಮತ್ತು ಬಿಸಿಲು. ಇದು ಕಾಕತಾಳೀಯವಲ್ಲ. ಎರಡೂ ಬೀಜಗಳಲ್ಲಿ ಸೋರಾಲೆನ್ ಎಂಬ ಒಂದೇ ಜಾತಿಯ ರಾಸಾಯನಿಕಗಳಿವೆ. ಅವು ಚರ್ಮದಲ್ಲಿ ಸೇರಿಕೊಂಡಾಗ ಬಿಸಿಲಿನ ಕಣ್ಣಿಗೆ ಕಾಣದ ಕಿರಣಗಳ ಪ್ರಭಾವ ಹಲವು ಪಟ್ಟು ಹೆಚ್ಚುತ್ತದೆ.

"ನೋಡಿ, ಎಲ್ಲವನ್ನೂ ನಮ್ಮ ಹಿರಿಯರು ಎಂದೋ ಕಂಡುಹಿಡಿದಿದ್ದರು" ಎಂದು ಇಲ್ಲಿಗೇ ಭಾಷಣ ಮುಗಿಸಿದರೆ ಚಪ್ಪಾಳೆ ಖಂಡಿತ ಸಿಗುತ್ತದೆ. ಆದರೆ ವಿದ್ಯಾರ್ಥಿಗಳೇ, ಹಿರಿಯರು ಗಮನಿಸಿದರು, ಬರೆದಿಟ್ಟರು. ಎಷ್ಟು ಬೀಜಕ್ಕೆ ಎಷ್ಟು ಬಿಸಿಲು ಎಂಬ ಅಳತೆ ಅವರ ಕಾಲದಲ್ಲಿ ಸಾಧ್ಯವಿರಲಿಲ್ಲ. ಆ ಅಳತೆಯನ್ನು ಹುಡುಕಿದವರ ಕಥೆಯೂ ಅಷ್ಟೇ ಮುಖ್ಯ.

ಮೊದಲಿಗೆ ನೀಲ್ಸ್ ಫಿನ್ಸೆನ್. 1860ರಲ್ಲಿ ಡೆನ್ಮಾರ್ಕಿಗೆ ಸೇರಿದ ಫ್ಯಾರೋ ದ್ವೀಪಗಳಲ್ಲಿ ಹುಟ್ಟಿದವರು. ಸ್ವತಃ ದೀರ್ಘಕಾಲದ ರೋಗಿ. ಆಗ ಯುರೋಪಿನಲ್ಲಿ ಚರ್ಮದ ಕ್ಷಯ ಎಂಬ ಭಯಂಕರ ರೋಗವಿತ್ತು. ಮೂಗು, ಕೆನ್ನೆಗಳನ್ನೇ ತಿಂದುಹಾಕುತ್ತಿತ್ತು. ರೋಗಿಗಳು ಮುಖ ಮುಚ್ಚಿಕೊಂಡು ಬದುಕುತ್ತಿದ್ದರು. ಫಿನ್ಸೆನ್ ವಿದ್ಯುತ್ ದೀಪದ ಪ್ರಖರ ಬೆಳಕನ್ನು ಸ್ಫಟಿಕದ ಮಸೂರಗಳಿಂದ ಒಂದೆಡೆ ಕೂಡಿಸಿ, ಸುಡದಂತೆ ನೀರಿನಿಂದ ತಂಪು ಮಾಡಿ, ಗಾಯದ ಮೇಲೆ ಬಿಟ್ಟರು. ದಿನದಿನವೂ, ತಿಂಗಳುಗಟ್ಟಲೆ. ಮುಖಗಳು ಮಾಯ್ದವು. 1896ರಲ್ಲಿ ಕೋಪನ್‌ಹೇಗನ್ನಿನಲ್ಲಿ ಅವರ ಬೆಳಕಿನ ಚಿಕಿತ್ಸಾ ಸಂಸ್ಥೆ ಆರಂಭವಾಯಿತು. 1903ರಲ್ಲಿ ವೈದ್ಯಕೀಯದ ನೊಬೆಲ್ ಪ್ರಶಸ್ತಿ ಬಂತು. ಮರುವರ್ಷವೇ, 44ನೆಯ ವಯಸ್ಸಿನೊಳಗೆ, ಅವರು ತೀರಿಕೊಂಡರು. ಮುಂದೆ ಕ್ಷಯಕ್ಕೆ ಮಾತ್ರೆಗಳು ಬಂದ ಮೇಲೆ ಆ ದೀಪ ಬೇಕಾಗಲಿಲ್ಲ. ಆದರೆ ಬೆಳಕನ್ನು ಔಷಧದಂತೆ ಅಳೆದು ಕೊಡಬಹುದು ಎಂಬ ಪಾಠ ಉಳಿಯಿತು.

ಎರಡನೆಯದು ಕೈರೋದ ಕಥೆ. 1947ರಲ್ಲಿ ಈಜಿಪ್ಟಿನ ಫಹ್ಮಿ ಮತ್ತು ಅವರ ಸಹೋದ್ಯೋಗಿ ಆತ್ರಿಲಾಲ್ ಬೀಜದಿಂದ ಔಷಧಾಂಶವನ್ನು ಹರಳುಗಳ ರೂಪದಲ್ಲಿ ಬೇರ್ಪಡಿಸಿದರು. ಅದೇ ದೇಶದ ಚರ್ಮವೈದ್ಯ ಅಬ್ದುಲ್ ಮುನಿಮ್ ಅಲ್ ಮುಫ್ತಿ ಅದನ್ನು ಬಿಳಿ ಮಚ್ಚೆಯ ರೋಗಿಗಳಿಗೆ ಕೊಟ್ಟು, ಫಲಿತಾಂಶವನ್ನು 1948ರಲ್ಲಿ ಪ್ರಕಟಿಸಿದರು. ಇಬ್ನುಲ್ ಬೈತಾರ್ ಬರೆದಿಟ್ಟು ಏಳುನೂರು ವರ್ಷಗಳಾದ ಮೇಲೆ! ಅಲ್ಲಿಂದ ಅದು ಅಮೆರಿಕಕ್ಕೆ ಹೋಯಿತು. 1974ರಲ್ಲಿ ಬೋಸ್ಟನ್ನಿನ ವೈದ್ಯರು ಸೋರಾಲೆನ್ ಮಾತ್ರೆ ಕೊಟ್ಟು, ಬಿಸಿಲಿನ ಬದಲು ಅಳತೆ ಮಾಡಿದ ಅತಿನೇರಳೆ ದೀಪದ ಮುಂದೆ ರೋಗಿಯನ್ನು ನಿಲ್ಲಿಸಿ, ಸೋರಿಯಾಸಿಸ್ ರೋಗಕ್ಕೆ ಉತ್ತಮ ಫಲ ಪಡೆದರು. ಆ ತಂಡದಲ್ಲಿ ಭಾರತ ಮೂಲದ ವಿಜ್ಞಾನಿ ಮಧು ಪಾಠಕ್ ಕೂಡ ಇದ್ದರು. ಈ ಚಿಕಿತ್ಸೆಗೆ ಪೂವಾ ಎಂಬ ಹೆಸರು ಬಂತು.

ಈಗ ಸ್ವಲ್ಪ ಪಾಠ. ನಮ್ಮ ಕಣ್ಣಿಗೆ ಕಾಣುವ ಬೆಳಕಿನ ತರಂಗಾಂತರ ಸುಮಾರು 400ರಿಂದ 700 ನ್ಯಾನೋಮೀಟರ್. ಒಂದು ಮಿಲಿಮೀಟರಿನ ಹತ್ತು ಲಕ್ಷದ ಒಂದು ಪಾಲು ಒಂದು ನ್ಯಾನೋಮೀಟರ್. 400ಕ್ಕಿಂತ ಕಡಿಮೆಯಾದದ್ದು ಅತಿನೇರಳೆ ಕಿರಣ. ಅದರಲ್ಲಿ 320ರಿಂದ 400ರ ವರೆಗಿನದು 'ಎ', 280ರಿಂದ 320ರ ವರೆಗಿನದು 'ಬಿ'. ಬಾವಂಚಿ, ಆತ್ರಿಲಾಲ್‌ಗಳಿಗೆ ಬೇಕಾದದ್ದು 'ಎ'. ಆದರೆ ಇಂದು ಹೆಚ್ಚು ಬಳಕೆಯಲ್ಲಿರುವುದು 'ಬಿ'ಯಲ್ಲೂ 311 ನ್ಯಾನೋಮೀಟರ್ ಸುತ್ತಲಿನ ಒಂದು ಕಿರಿದಾದ ಪಟ್ಟಿ. ಇದಕ್ಕೆ ನ್ಯಾರೋಬ್ಯಾಂಡ್ ಎನ್ನುತ್ತಾರೆ. 1980ರ ದಶಕದಲ್ಲಿ ಇದರ ದೀಪಗಳು ಬಂದವು. 1997ರಲ್ಲಿ ನೆದರ್ಲೆಂಡ್ಸ್‌ನ ವೈದ್ಯರು ಬಿಳಿ ಮಚ್ಚೆಗೂ ಇದು ಒಳ್ಳೆಯದು ಎಂದು ತೋರಿಸಿಕೊಟ್ಟರು. ಇದಕ್ಕೆ ಬೀಜವೂ ಬೇಡ, ಮಾತ್ರೆಯೂ ಬೇಡ. ಮಕ್ಕಳಿಗೂ, ವೈದ್ಯರ ಸಲಹೆಯ ಮೇರೆಗೆ ಗರ್ಭಿಣಿಯರಿಗೂ ಕೊಡಬಹುದು.

ಬೆಳಕು ಅಲ್ಲಿ ಮಾಡುವುದೇನು? ಬಿಳಿ ಮಚ್ಚೆ ಎಂದರೆ, ಚರ್ಮಕ್ಕೆ ಬಣ್ಣ ಕೊಡುವ ಜೀವಕೋಶಗಳನ್ನು ದೇಹದ ರಕ್ಷಣಾ ಪಡೆಯೇ ತಪ್ಪಾಗಿ ಶತ್ರು ಎಂದು ತಿಳಿದು ನಾಶ ಮಾಡುವುದು. ಅಳತೆಯ ಬೆಳಕು ಆ ಪಡೆಯನ್ನು ಶಾಂತಗೊಳಿಸುತ್ತದೆ. ಜೊತೆಗೆ ಕೂದಲಿನ ಬುಡದಲ್ಲಿ ನಿದ್ರಿಸುತ್ತಿರುವ ಬಣ್ಣದ ಕೋಶಗಳನ್ನು ಎಬ್ಬಿಸುತ್ತದೆ. ಅವು ಮೇಲೆ ಬಂದು ಹರಡುತ್ತವೆ. ಅದಕ್ಕೇ ಬಿಳಿ ಮಚ್ಚೆಯ ನಡುವೆ, ಕೂದಲಿನ ಸುತ್ತ, ಸಾಸಿವೆ ಕಾಳಿನಂಥ ಕಂದು ಚುಕ್ಕೆಗಳು ಮೊದಲು ಕಾಣುತ್ತವೆ. ಅದೇ ಕಾರಣಕ್ಕೆ ಕೂದಲಿಲ್ಲದ ಬೆರಳ ತುದಿ, ತುಟಿಗಳಲ್ಲಿ ಫಲ ಕಡಿಮೆ. ಮುಖ, ಕುತ್ತಿಗೆಯಲ್ಲಿ ಹೆಚ್ಚು. ಸೋರಿಯಾಸಿಸ್‌ನಲ್ಲಿ ಬೇರೆ ರೀತಿ. ಅಲ್ಲಿ ಸುಮಾರು ಒಂದು ತಿಂಗಳಲ್ಲಿ ಆಗಬೇಕಾದ ಚರ್ಮದ ಬದಲಾವಣೆ ಕೆಲವೇ ದಿನಗಳಲ್ಲಿ ಆಗಿ ಹೊಟ್ಟು ಏಳುತ್ತದೆ. ಬೆಳಕು ಆ ಓಟವನ್ನು ನಿಧಾನಿಸುತ್ತದೆ. ಹಟ ಹಿಡಿದ ಕೆಲವು ಇಸುಬಿಗೂ ಇದನ್ನು ಕೊಡುತ್ತಾರೆ.

ಇನ್ನು ಚರ್ಮದ ಕ್ಯಾನ್ಸರ್. ಇಲ್ಲಿ ಬೆಳಕಿನ ಕೆಲಸ ಇನ್ನೂ ವಿಚಿತ್ರ. 1900ರ ಸುಮಾರಿನಲ್ಲಿ ಜರ್ಮನಿಯ ಮ್ಯೂನಿಕ್‌ನಲ್ಲಿ ಆಸ್ಕರ್ ರಾಬ್ ಎಂಬ ವೈದ್ಯಕೀಯ ವಿದ್ಯಾರ್ಥಿ, ನಿಮ್ಮಂತೆ ಇನ್ನೂ ಕಲಿಯುತ್ತಿದ್ದವನು, ಸೂಕ್ಷ್ಮಜೀವಿಗಳನ್ನು ಒಂದು ಬಣ್ಣದ ದ್ರವದಲ್ಲಿ ಇಟ್ಟು ಎಷ್ಟು ಹೊತ್ತಿಗೆ ಸಾಯುತ್ತವೆ ಎಂದು ನೋಡುತ್ತಿದ್ದ. ಅದೇ ದ್ರವ, ಅದೇ ಪ್ರಮಾಣ, ಆದರೆ ಒಂದೊಂದು ದಿನ ಒಂದೊಂದು ಫಲಿತಾಂಶ. ಬೇರೆಯವರಾಗಿದ್ದರೆ ತಪ್ಪಾಯಿತೆಂದು ಬಿಟ್ಟುಬಿಡುತ್ತಿದ್ದರು. ಅವನು ಕಾರಣ ಹುಡುಕಿದ. ಕೋಣೆಯೊಳಗಿನ ಬೆಳಕು ಹೆಚ್ಚು ಕಡಿಮೆಯಾದದ್ದೇ ಕಾರಣ! ಬಣ್ಣವೊಂದೇ ಅಷ್ಟು ಬೇಗ ಕೊಲ್ಲುವುದಿಲ್ಲ, ಬೆಳಕೊಂದೇ ಕೊಲ್ಲುವುದಿಲ್ಲ, ಎರಡೂ ಸೇರಿದರೆ ಕೊಲ್ಲುತ್ತವೆ. ಅವನ ಗುರು ಫಾನ್ ಟಾಪ್ಪೈನರ್ 1903ರಲ್ಲಿ ಇದೇ ತತ್ತ್ವವನ್ನು ಚರ್ಮದ ಗಡ್ಡೆಗಳ ಮೇಲೆ ಪ್ರಯೋಗಿಸಿದರು.

ಅದರ ಇಂದಿನ ರೂಪವೇ ಫೋಟೋಡೈನಮಿಕ್ ಚಿಕಿತ್ಸೆ. ಗಡ್ಡೆಯ ಮೇಲೆ ಒಂದು ಮುಲಾಮು ಹಚ್ಚಿ, ಮುಚ್ಚಿ, ಸಾಮಾನ್ಯವಾಗಿ ಕೆಲವು ತಾಸು ಬಿಡುತ್ತಾರೆ. ಕೆಟ್ಟ ಕೋಶಗಳು ಅದನ್ನು ಹೆಚ್ಚಾಗಿ ಹೀರಿಕೊಂಡು, ಬೆಳಕಿಗೆ ಸ್ಪಂದಿಸುವ ವಸ್ತುವಾಗಿ ಮಾರ್ಪಡಿಸುತ್ತವೆ. ಆಮೇಲೆ ಸುಮಾರು 630 ನ್ಯಾನೋಮೀಟರಿನ ಕೆಂಪು ಬೆಳಕು ಬಿಟ್ಟರೆ, ಅಲ್ಲಿರುವ ಆಮ್ಲಜನಕ ಉಗ್ರರೂಪ ತಾಳಿ ಆ ಕೋಶಗಳನ್ನು ಒಳಗಿನಿಂದಲೇ ನಾಶ ಮಾಡುತ್ತದೆ. ಸುತ್ತಲಿನ ಒಳ್ಳೆಯ ಚರ್ಮಕ್ಕೆ ಹಾನಿ ಕಡಿಮೆ, ಕಲೆಯೂ ಕಡಿಮೆ. ಆ ಹೊತ್ತಿನಲ್ಲಿ ಉರಿಯಂತೂ ಇರುತ್ತದೆ. ಈ ಮುಲಾಮಿನ ವಿಧಾನವನ್ನು 1990ರಲ್ಲಿ ಕೆನಡಾದ ಕೆನಡಿ ಮತ್ತು ಸಂಗಡಿಗರು ಪ್ರಕಟಿಸಿದರು. ಬಿಸಿಲಿನಿಂದ ಹುಟ್ಟಿ ಮುಂದೆ ಕ್ಯಾನ್ಸರ್ ಆಗಬಹುದಾದ ಒರಟು ಮಚ್ಚೆಗಳಿಗೆ ಅಮೆರಿಕ ಇದನ್ನು 1999ರಲ್ಲಿ ಮಾನ್ಯ ಮಾಡಿತು. ಮೇಲ್ಪದರದಲ್ಲೇ ಇರುವ ಬೇಸಲ್ ಸೆಲ್ ಕ್ಯಾನ್ಸರಿಗೂ ಬಳಸುತ್ತಾರೆ. ಚರ್ಮದಲ್ಲಿ ಬೇರೂರುವ ಒಂದು ಬಗೆಯ ರಕ್ತಕೋಶಗಳ ಕ್ಯಾನ್ಸರ್ ಇದೆ. ಅದರ ಆರಂಭದ ಹಂತಕ್ಕೆ ನಾನು ಆಗ ಹೇಳಿದ ಪೂವಾ, ನ್ಯಾರೋಬ್ಯಾಂಡ್ ಚಿಕಿತ್ಸೆಗಳೇ ಉಪಯೋಗಕ್ಕೆ ಬರುತ್ತವೆ.

ಆದರೆ ಒಂದು ಮಾತನ್ನು ಗಟ್ಟಿಯಾಗಿ ನೆನಪಿಡಿ. ಕೆಂಪು ಬೆಳಕು ಚರ್ಮದೊಳಗೆ ಇಳಿಯುವುದು ಕೆಲವೇ ಮಿಲಿಮೀಟರ್. ಆಳಕ್ಕಿಳಿದ ಗಡ್ಡೆಗೆ, ಮೆಲನೋಮ ಎಂಬ ಕರಿ ಮಚ್ಚೆಯ ಅಪಾಯಕಾರಿ ಕ್ಯಾನ್ಸರಿಗೆ ಇದು ಮದ್ದಲ್ಲ. ಅಲ್ಲಿ ಶಸ್ತ್ರಚಿಕಿತ್ಸೆಯೇ ಮೊದಲು. ಯಾವುದು ಯಾವುದೆಂದು ಹೇಳಬೇಕಾದವರು ತಜ್ಞರು, ಅದೂ ಚರ್ಮದ ಚೂರು ತೆಗೆದು ಪರೀಕ್ಷಿಸಿದ ಮೇಲೆ. ನಮ್ಮ ಬಣ್ಣವೇ ನಮಗೆ ದೇವರು ಕೊಟ್ಟ ಛತ್ರಿ. ಆದ್ದರಿಂದ ಬಿಳಿಯರಿಗಿಂತ ನಮ್ಮಲ್ಲಿ ಚರ್ಮದ ಕ್ಯಾನ್ಸರ್ ಬಹಳ ಕಡಿಮೆ. ಆದರೆ ಇಲ್ಲವೇ ಇಲ್ಲ ಎಂದಲ್ಲ. ಹಳೆಯ ಸುಟ್ಟ ಕಲೆಯ ಮೇಲೆ, ವರ್ಷಗಟ್ಟಲೆ ಮಾಯದ ಹುಣ್ಣಿನ ಮೇಲೆ ಅದು ಹುಟ್ಟಬಹುದು. ಕಾಶ್ಮೀರದಲ್ಲಿ ಚಳಿಗೆ ಅಂಗಿಯೊಳಗೆ ಕಾಂಗಡಿ ಎಂಬ ಕೆಂಡದ ಬುಟ್ಟಿ ಇಟ್ಟುಕೊಳ್ಳುವವರ ತೊಡೆ, ಹೊಟ್ಟೆಯ ಚರ್ಮಕ್ಕೆ ಬರುವ ಕ್ಯಾನ್ಸರ್ ವೈದ್ಯಗ್ರಂಥಗಳಲ್ಲೇ ದಾಖಲಾಗಿದೆ. ಮೆಲನೋಮ ನಮ್ಮವರಲ್ಲಿ ಅಂಗಾಲಿನಲ್ಲೂ ಕಾಣಿಸಿಕೊಳ್ಳುತ್ತದೆ. ಒಂದು ತಿಂಗಳಾದರೂ ಮಾಯದ ಹುಣ್ಣು, ಬೆಳೆಯುವ ಅಥವಾ ಬಣ್ಣ ಬದಲಾಗುವ ಮಚ್ಚೆ ಕಂಡರೆ ತಡ ಮಾಡಬೇಡಿ.

ಇನ್ನೊಂದು ಎಚ್ಚರಿಕೆ. ಗುಣಪಡಿಸುವ ಬೆಳಕೇ ಅಳತೆ ಮೀರಿದರೆ ರೋಗ ತರುತ್ತದೆ. ಪೂವಾ ಚಿಕಿತ್ಸೆಯನ್ನು ನೂರಾರು ಬಾರಿ ಪಡೆದ ಬಿಳಿ ಚರ್ಮದ ರೋಗಿಗಳಲ್ಲಿ ಮುಂದೆ ಚರ್ಮದ ಕ್ಯಾನ್ಸರ್ ಹೆಚ್ಚಾದದ್ದು ಕಂಡುಬಂದಿದೆ. ಆದ್ದರಿಂದಲೇ ವೈದ್ಯರು ಪ್ರತಿ ಸಲದ ಪ್ರಮಾಣವನ್ನೂ ಬರೆದಿಡುತ್ತಾರೆ, ಕಣ್ಣಿಗೆ ಕಪ್ಪು ಕನ್ನಡಕ ಹಾಕಿಸುತ್ತಾರೆ. ಈಗ ನನ್ನ ಹುಡುಗಿಯ ಬೊಬ್ಬೆಗೆ ಕಾರಣ ನಿಮಗೆ ತಿಳಿದಿರಬೇಕು. ಎಣ್ಣೆಗೆ ಅಳತೆ ಇರಲಿಲ್ಲ, ಬಿಸಿಲಿಗೆ ಅಳತೆ ಇರಲಿಲ್ಲ. ಸೋರಾಲೆನ್ ಸುಡುವುದು ಕೂಡಲೇ ತಿಳಿಯುವುದಿಲ್ಲ. ಎರಡು ಮೂರು ದಿನಕ್ಕೆ ಏರುತ್ತದೆ. ಅಷ್ಟರಲ್ಲಿ ಮತ್ತೆ ಮತ್ತೆ ಹಚ್ಚಿಯಾಗಿರುತ್ತದೆ. ಹಾಗೆ ಸುಟ್ಟ ಜಾಗದಲ್ಲಿ ಹೊಸ ಬಿಳಿ ಮಚ್ಚೆಯೇ ಏಳಬಹುದು. ಗಿಡದ ತಪ್ಪಲ್ಲ, ಹಿರಿಯರ ತಪ್ಪೂ ಅಲ್ಲ. ಅರ್ಧ ತಿಳಿವಳಿಕೆಯ ತಪ್ಪು.

ಇನ್ನು ಭಾಷಾ ಶಿಕ್ಷಕಿಯಾಗಿ ನನ್ನ ಪಾಲಿನ ಮಾತು. ಅರಬಿ, ಉರ್ದುವಿನಲ್ಲಿ ಬಿಳಿ ಮಚ್ಚೆಗೆ ಬರಸ್ ಎಂಬ ಪದವಿದೆ, ಕುಷ್ಠಕ್ಕೆ ಜುಝಾಮ್ ಎಂಬ ಬೇರೆಯೇ ಪದವಿದೆ. ಕನ್ನಡದಲ್ಲೂ ತೊನ್ನು ಬೇರೆ, ಕುಷ್ಠ ಬೇರೆ. ಆದರೂ ನಾವು 'ಬಿಳಿ ಕುಷ್ಠ' ಎನ್ನುತ್ತೇವೆ. ಈ ಒಂದು ಮಾತು ಎಷ್ಟು ಮನೆಗಳನ್ನು ಕೆಡಿಸಿದೆಯೋ! ಬಿಳಿ ಮಚ್ಚೆ ಅಂಟುವುದಿಲ್ಲ. ಒಂದೇ ತಟ್ಟೆಯಲ್ಲಿ ಉಂಡರೂ, ಒಂದೇ ಟವೆಲ್ ಬಳಸಿದರೂ ಅಂಟುವುದಿಲ್ಲ. ಹಾಲು, ಮೀನು ಒಟ್ಟಿಗೆ ತಿಂದರೆ ಬರುವುದಿಲ್ಲ. ಯಾರ ಪಾಪದ ಫಲವೂ ಅಲ್ಲ. ಜಗತ್ತಿನಲ್ಲಿ ನೂರಕ್ಕೆ ಅರ್ಧದಿಂದ ಎರಡು ಮಂದಿಗೆ ಇದು ಇದೆ. ಕುಷ್ಠದ ಮಚ್ಚೆ ಹಾಲಿನಂತೆ ಬೆಳ್ಳಗಿರುವುದಿಲ್ಲ, ಮಾಸಲು ಅಥವಾ ಕೆಂಪಾಗಿರುತ್ತದೆ, ಅಲ್ಲಿ ಮುಟ್ಟಿದರೆ ಸ್ಪರ್ಶ ಕಡಿಮೆ ತಿಳಿಯುತ್ತದೆ. ಮತ್ತು ಆ ಕುಷ್ಠವೂ ಇಂದು ಸರಕಾರಿ ಆಸ್ಪತ್ರೆಯ ಉಚಿತ ಮಾತ್ರೆಗಳಿಂದ ಪೂರ್ಣ ಗುಣವಾಗುತ್ತದೆ. ಅದಕ್ಕೇ 1939ರ ಮುಸ್ಲಿಮ್ ವಿವಾಹ ವಿಚ್ಛೇದನ ಕಾನೂನೂ ಸೇರಿದಂತೆ ಹಲವು ಕಾನೂನುಗಳಲ್ಲಿ ವಿಚ್ಛೇದನಕ್ಕೆ ಕಾರಣವೆಂದು ಬರೆದಿದ್ದ ಕುಷ್ಠವನ್ನು ಸಂಸತ್ತು 2019ರಲ್ಲಿ ತೆಗೆದುಹಾಕಿತು. ಕಾನೂನಿನ ಪುಸ್ತಕದಿಂದ ಹೋದದ್ದು ನಮ್ಮ ಬಾಯಿಂದ ಯಾವಾಗ ಹೋಗಬೇಕು?

ಪವಿತ್ರ ಕುರ್‌ಆನಿನಲ್ಲಿ ಹಜರತ್ ಈಸಾ ಅಲೈಹಿಸ್ಸಲಾಮರ ಮುಅಜಿಝಾಗಳನ್ನು ಹೇಳುವಲ್ಲಿ 'ಅಬ್ರಸ್' ಎಂಬ ಪದ ಬಂದಿದೆ. ಕೆಲವು ಅನುವಾದಗಳಲ್ಲಿ ಅದೂ ಕುಷ್ಠರೋಗಿ ಎಂದಾಗಿದೆ. ಪದ ಯಾವುದೇ ಇರಲಿ, ಆ ಪ್ರಸಂಗ ಗುಣಪಡಿಸಿದ್ದು, ದೂರ ಸರಿಸಿದ್ದಲ್ಲ. ಪ್ರವಾದಿಗಳು ಹತ್ತಿರ ಹೋದ ಜನರಿಂದ ನಾವು ದೂರ ಕೂರುವುದು ಯಾವ ದೀನ್?

ಹುಡುಗಿಯ ಮುಂದಿನ ಕಥೆ ಹೇಳಿ ಮುಗಿಸುತ್ತೇನೆ. ಸುಟ್ಟ ಗಾಯ ಮಾಯ್ದ ಮೇಲೆ ಅವಳನ್ನು ವೈದ್ಯಕೀಯ ಕಾಲೇಜಿನ ಆಸ್ಪತ್ರೆಯ ಚರ್ಮ ವಿಭಾಗಕ್ಕೆ ಕರೆದೊಯ್ದೆವು. ಬೀರುವಿನಂಥ ಒಂದು ಪೆಟ್ಟಿಗೆ, ಒಳಗೆ ಸುತ್ತಲೂ ಟ್ಯೂಬ್‌ಲೈಟುಗಳು. ವಾರಕ್ಕೆ ಎರಡು ದಿನ, ಸೋಮವಾರ ಮತ್ತು ಗುರುವಾರ. ಮೊದಲ ದಿನ ಒಳಗೆ ನಿಂತದ್ದು ಒಂದು ನಿಮಿಷಕ್ಕಿಂತ ಕಡಿಮೆ. ಹೆಣ್ಣು ಮಗಳಿಗೆ ಸಂಕೋಚವಾಗುತ್ತದೆ ಎಂದು ತಾಯಿಗೆ ಭಯವಿತ್ತು. ಅಲ್ಲಿದ್ದವರು ನರ್ಸ್ ಅಮ್ಮ, ಬೆಳಕು ಬೇಕಾದದ್ದು ಮಚ್ಚೆ ಇರುವ ಮುಖ, ಕೈಗಳಿಗಷ್ಟೇ. ಮೊದಲ ಮೂರು ತಿಂಗಳು ಏನೂ ಕಾಣಲಿಲ್ಲ. ತಾಯಿ ಬಿಟ್ಟುಬಿಡೋಣ ಎಂದರು. ಕನಿಷ್ಠ ಆರು ತಿಂಗಳು ನೋಡದೆ ಬಿಡಬೇಡಿ ಎಂದು ಡಾಕ್ಟರ್ ಹೇಳಿದ್ದರು. ಆ ಎರಡು ದಿನ ಅವಳು ತಡವಾಗಿ ಬಂದರೂ ಹಾಜರಿ ಕೊಡಲು ಮುಖ್ಯೋಪಾಧ್ಯಾಯರು ಒಪ್ಪಿದರು. ಬಸ್ ಚಾರ್ಜಿಗೆ ನಾವು ಶಿಕ್ಷಕಿಯರು ಸ್ವಲ್ಪ ಸ್ವಲ್ಪ ಹಾಕಿದೆವು. ನಾಲ್ಕನೇ ತಿಂಗಳಲ್ಲಿ ಒಂದು ದಿನ ತರಗತಿ ಮುಗಿದ ಮೇಲೆ ಅವಳು ಬಂದು ಓಢಣಿ ಸರಿಸಿ, "ಟೀಚರ್, ಚುಕ್ಕೆ ನೋಡಿ" ಎಂದಳು. ಗಲ್ಲದ ಮೇಲೆ ಮೂರು ಕಂದು ಚುಕ್ಕೆ.

ವರ್ಷ ದಾಟುವ ಹೊತ್ತಿಗೆ ಮುಖದ ಮಚ್ಚೆ ಬಹುಪಾಲು ತುಂಬಿತು. ಬೆರಳುಗಳು ಈಗಲೂ ಬೆಳ್ಳಗೇ ಇವೆ. ಪವಾಡ ಆಗಲಿಲ್ಲ. ಆದರೆ ಅವಳು ಮುಂದಿನ ಬೆಂಚಿಗೆ ಬಂದಳು, ಎಸ್.ಎಸ್.ಎಲ್.ಸಿ. ಪಾಸಾದಳು, ಈಗ ಕಾಲೇಜಿನಲ್ಲಿದ್ದಾಳೆ. ಅದೇ ಬಿಳಿ ಬೆರಳುಗಳಿಂದ ಪರೀಕ್ಷೆ ಬರೆಯುತ್ತಾಳೆ, ಈಗ ಮುಚ್ಚಿಕೊಳ್ಳುವುದಿಲ್ಲ. ಅವಳನ್ನು ಮುಂದೆ ತಂದದ್ದು ದೀಪ ಮಾತ್ರವಲ್ಲ. ಅವಳ ಪಕ್ಕದಲ್ಲಿ ಕುಳಿತು ಟಿಫಿನ್ ಹಂಚಿಕೊಂಡ ಇಬ್ಬರು ಗೆಳತಿಯರು ಕೂಡ.

ಆದ್ದರಿಂದ ಸಂಸ್ಥೆಯ ಹಿರಿಯರಲ್ಲಿ ನನ್ನ ಎರಡು ವಿನಂತಿ. ನಮ್ಮ ಶಾಲೆಗಳಲ್ಲಿ ವರ್ಷಕ್ಕೊಮ್ಮೆ ಚರ್ಮರೋಗ ತಜ್ಞರಿಂದ ತಪಾಸಣೆ ನಡೆಸಿ. ಮಚ್ಚೆ ಹೊಸದಿದ್ದಷ್ಟೂ ಫಲ ಹೆಚ್ಚು. ಮತ್ತು ನಮ್ಮ ವಿದ್ಯಾರ್ಥಿ ಸಹಾಯ ನಿಧಿಯಿಂದ ಫೀಸು, ಪುಸ್ತಕಗಳ ಜೊತೆ ಇಂಥ ಮಕ್ಕಳ ಆಸ್ಪತ್ರೆಯ ಬಸ್ ಚಾರ್ಜನ್ನೂ ಕೊಡಿ. ಚಿಕಿತ್ಸೆ ನಿಲ್ಲುವುದು ಎಷ್ಟೋ ಸಲ ಅಷ್ಟು ಸಣ್ಣ ಹಣಕ್ಕೆ.

ವಿದ್ಯಾರ್ಥಿಗಳೇ, ಇಬ್ನುಲ್ ಬೈತಾರರ ಹೆಸರು ಹೇಳಿ ಹೆಮ್ಮೆಪಡಿ. ಆದರೆ ಅಲ್ಲಿಗೇ ನಿಲ್ಲಬೇಡಿ. ಅವರು ಬರೆದದ್ದನ್ನು ಕೈರೋದವರು ಅಳೆದರು, ಬೋಸ್ಟನ್ನಿನವರು ಮುಂದುವರಿಸಿದರು. ಮುಂದಿನ ಅಳತೆ ನಿಮ್ಮಲ್ಲೊಬ್ಬರ ಕೈಯಿಂದ ಆಗಲಿ. ಅಲ್ಲಿಯವರೆಗೆ ತರಗತಿಯಲ್ಲಿ ಮುಖ ಮುಚ್ಚಿಕೊಂಡು ಹಿಂದೆ ಕುಳಿತವರು ಯಾರಾದರೂ ಇದ್ದರೆ ಹೋಗಿ ಅವರ ಪಕ್ಕದಲ್ಲಿ ಕುಳಿತುಕೊಳ್ಳಿ. ಅದಕ್ಕೆ ಯಾವ ಯಂತ್ರವೂ ಬೇಡ.

ಅಲ್ಲಾಹನು ರೋಗಿಗಳೆಲ್ಲರಿಗೆ ಶಿಫಾ ನೀಡಲಿ, ನಮಗೆ ಸರಿಯಾದ ತಿಳಿವಳಿಕೆ ಕೊಡಲಿ. ಆಮೀನ್.